ಬೇಟೆ ನಿಂತ ಮೇಲೆ ಬೇಟೆ ನಾಯಿಗೆ ಕೆಲಸವೇನು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ಇದೇ ಅಂಕಣದಲ್ಲಿ ನಮ್ಮ ನವನಗರದ ಓದುಗರೊಬ್ಬರು ಸಾಕುನಾಯಿಗಳ ಕಾಟದ ಬಗ್ಗೆ ಬರೆದಿದ್ದರು. ರಾತ್ರಿಯೆಲ್ಲ ಬೊಗಳುತ್ತವೆ, ಹಾದಿಯಲ್ಲಿ ಹೋಗುವವರ ಕಡೆಗೆ ಗೇಟಿನ ಒಳಗಿನಿಂದಲೇ ಹಾರುತ್ತವೆ, ಸಾಕಿದವರಿಗೆ ದಂಡ ಹಾಕಬೇಕು ಎಂಬುದು ಅವರ ಮಾತು. ಅವರ ದೂರು ಸುಳ್ಳಲ್ಲ. ಎರಡು ವರ್ಷದ ಹಿಂದೆ ಅಂಥದೇ ನಾಯಿ ನಮ್ಮ ಮನೆಯಲ್ಲಿತ್ತು. ಅದೇ ನಾಯಿ ಈಗಲೂ ಇದೆ, ಆದರೆ ರಾತ್ರಿ ನೆಮ್ಮದಿಯಾಗಿ ಮಲಗುತ್ತದೆ. ಆ ಬದಲಾವಣೆ ದಂಡದಿಂದ ಬರಲಿಲ್ಲ, ಸರಪಳಿಯಿಂದಲೂ ಬರಲಿಲ್ಲ. ಮೂಸಿ ಹುಡುಕುವ ಒಂದು ಆಟದಿಂದ ಬಂತು. ಹೇಗೆ ಬಂತು ಎಂಬುದನ್ನು ಹೇಳಲೆಂದೇ ಈ ಪತ್ರ. ಸ್ವಲ್ಪ ದೀರ್ಘವಾಗುತ್ತದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಮನೆಯಲ್ಲಿ ಮಸಾಲೆ ಖಾರ ಮಾಡಿ ಮಾರುವವಳು. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಕಾಳು, ಒಣಕೊಬ್ಬರಿ, ಲವಂಗ, ದಾಲ್ಚಿನ್ನಿಗಳ ನಡುವೆ 22 ವರ್ಷ ಕಳೆದಿದ್ದೇನೆ. ಕೊತ್ತಂಬರಿ ಹುರಿಯುವಾಗ ಹದ ಬಂತೆಂದು ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಕಣ್ಣನ್ನು ನಂಬಿದರೆ ಆಗಲೇ ಸೀದಿರುತ್ತದೆ. ಹಾಗಾಗಿ ವಾಸನೆಯ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವವಳಲ್ಲ.

ನಮ್ಮ ನಾಯಿಯ ಹೆಸರು ಚಿಗರಿ. ಮುಧೋಳ ತಳಿಯ ಹೆಣ್ಣು. ಮುಧೋಳದ ಕಡೆಯ ನಮ್ಮ ಸಂಬಂಧಿಕರೊಬ್ಬರು ಓಟದ ಸ್ಪರ್ಧೆಗೆಂದು ಸಾಕಿದ್ದರು. ಒಂದೂವರೆ ವರ್ಷದವಳಿದ್ದಾಗ ಕಬ್ಬು ಹೇರಿದ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಹಿಂಗಾಲು ಮುರಿಯಿತು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಓಡಲಾರದ ಬೇಟೆ ನಾಯಿಗೆ ಎರಡು ಹೊತ್ತು ರೊಟ್ಟಿ ಹಾಕುವವರು ಯಾರು? ಹೊಲದ ಆಚೆ ಬಿಟ್ಟು ಬರುವ ಮಾತು ನಡೆದಿತ್ತು. ನಮ್ಮ ಮನೆಯವರು ನಿವೃತ್ತ ಬಸ್ ಕಂಡಕ್ಟರ್. ಮದುವೆಗೆಂದು ಆ ಊರಿಗೆ ಹೋದವರು ಬರುವಾಗ ಅವಳನ್ನು ಕರೆದುಕೊಂಡೇ ಬಂದರು.

ಮೊದಲ ಆರು ತಿಂಗಳು ನಾವೂ ಅಳಬೇಕಾಯಿತು, ಅವಳೂ ಅತ್ತಳು. ಹಗಲೆಲ್ಲ ಹಿತ್ತಿಲಲ್ಲಿ ಕಟ್ಟಿದ್ದೆವು. ಕಟ್ಟಿದ ಹಗ್ಗವನ್ನು ಕಡಿದಳು, ಸರಪಳಿ ಹಾಕಿದೆವು. ನಮ್ಮ ಅತ್ತೆಯವರು ಹೊಲಿದ ಎರಡು ಕೌದಿಗಳನ್ನು ಚಿಂದಿ ಮಾಡಿದಳು. ರಾತ್ರಿ ಎರಡು ಗಂಟೆಗೆ ಶುರುವಾದ ಬೊಗಳು ಹಾಲಿನವನು ಬರುವವರೆಗೂ ನಿಲ್ಲುತ್ತಿರಲಿಲ್ಲ. ದೂರ ನಡೆಸಿಕೊಂಡು ಹೋಗೋಣವೆಂದರೆ ಕಾಲು ಸಹಕರಿಸುವುದಿಲ್ಲ, ಏಪ್ರಿಲ್ ಬಂತೆಂದರೆ ನಮ್ಮ ಡಾಂಬರು ರಸ್ತೆಯ ಮೇಲೆ ಬರಿಗಾಲಿಡಲು ಮನುಷ್ಯರಿಗೇ ಆಗುವುದಿಲ್ಲ. ತರಬೇತಿ ಕೊಡುತ್ತೇನೆಂದು ಒಬ್ಬರು ಮುಂಗಡ ಹಣ ತೆಗೆದುಕೊಂಡು ಹತ್ತು ದಿನ ಇಟ್ಟುಕೊಂಡರು. ವಾಪಸು ಬಂದ ಚಿಗರಿ ಯಾರಾದರೂ ಕೈ ಎತ್ತಿದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಆ ಹತ್ತು ದಿನಗಳಿಗೆ ನಾನೇ ಕಳಿಸಿಕೊಟ್ಟೆನಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ನನ್ನ ತಂಗಿಯ ಮಗ ಬೀದರಿನಲ್ಲಿ ಪಶುವೈದ್ಯಕೀಯ ಓದಿದವನು. ಹಬ್ಬಕ್ಕೆ ಬಂದಾಗ ಅವಳ ಕಾಲನ್ನು ಮುಟ್ಟಿ ನೋಡಿ, 'ದೊಡ್ಡವ್ವ, ಮುರಿದದ್ದು ಕಾಲು. ಮೂಗು ಮುರಿದಿಲ್ಲವಲ್ಲ' ಎಂದ. ಖಾರದ ಪ್ಯಾಕೆಟ್ ಕಳಿಸಲು ತಂದಿಟ್ಟಿದ್ದ ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟು, ಒಂದರಲ್ಲಿ ಒಣಕೊಬ್ಬರಿಯ ಚೂರು ಹಾಕಿ, ಚಿಗರಿಯನ್ನು ಒಳಗೆ ಬಿಟ್ಟ. ಏನೂ ಹೇಳಲಿಲ್ಲ, ಕೈ ತೋರಿಸಲಿಲ್ಲ. ಅವಳು ಮೊದಲು ನಮ್ಮ ಮುಖ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ಮೂಗು ಕೆಲಸಕ್ಕೆ ಇಳಿಯಿತು. ಮೂರನೆಯ ಪೆಟ್ಟಿಗೆಯಲ್ಲಿ ಮೂತಿ ಹಾಕಿದ ಕೂಡಲೇ ಅವನು ಅಲ್ಲೇ ಇನ್ನೆರಡು ಚೂರು ಹಾಕಿದ. ಅಂದು ಹತ್ತು ಸಲ ಆಡಿಸಿದ್ದೆವು. ಹದಿನೈದು ನಿಮಿಷ ಹಿಡಿದಿರಬಹುದು. ಆ ರಾತ್ರಿ ನಮ್ಮ ಓಣಿಯಲ್ಲಿ ಬೊಗಳು ಕೇಳಲಿಲ್ಲ. ಅವಳಿಗೆ ಹುಷಾರಿಲ್ಲವೇನೋ ಎಂದು ನಮ್ಮ ಮನೆಯವರು ಎರಡು ಸಲ ಎದ್ದು ನೋಡಿ ಬಂದರು.

ಇದಕ್ಕೆ ಇಂಗ್ಲಿಷಿನಲ್ಲಿ ನೋಸ್ ವರ್ಕ್, ಸೆಂಟ್ ವರ್ಕ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮೂಸಾಟ ಎಂದೇ ಹೆಸರಾಗಿದೆ. ಪೊಲೀಸರ ಶ್ವಾನದಳದ ನಾಯಿಗಳು ಮಾಡುವ ಕೆಲಸವನ್ನೇ ಮನೆಯ ನಾಯಿಗಳಿಗೆ ಆಟವಾಗಿ ಕೊಡಬಹುದಲ್ಲ ಎಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, ಅಂಥ ನಾಯಿಗಳನ್ನು ಪಳಗಿಸಿ ಅನುಭವವಿದ್ದ ಮೂವರು ತರಬೇತುದಾರರು ಯೋಚಿಸಿದರಂತೆ. ಅಲ್ಲಿಂದ ಇದು ಕ್ರೀಡೆಯಾಗಿ ಬೆಳೆಯಿತು. ಹುಡುಕಬೇಕಾದದ್ದು ಮದ್ದುಗುಂಡಲ್ಲ, ಗಾಂಜಾ ಅಲ್ಲ. ಹತ್ತಿಗೆ ತಾಗಿಸಿದ ಒಂದು ಹನಿ ಸುಗಂಧ ತೈಲ ಅಷ್ಟೇ. ಬರ್ಚ್ ಎಂಬ ಅಲ್ಲಿಯ ಮರದ್ದು, ಸೋಂಪಿನದು, ಲವಂಗದ್ದು. ಅಮೆರಿಕನ್ ಕೆನಲ್ ಕ್ಲಬ್ ಎಂಬ ಅಲ್ಲಿಯ ಶ್ವಾನ ಸಂಸ್ಥೆ 2017ರಲ್ಲಿ ಈ ಕ್ರೀಡೆಯನ್ನು ಸೇರಿಸಿಕೊಂಡಾಗ ಸೈಪ್ರೆಸ್ ಮರದ ವಾಸನೆಯನ್ನೂ ಕೂಡಿಸಿತು. ಪೆಟ್ಟಿಗೆಗಳ ಸಾಲಿನಲ್ಲಿ, ಕೋಣೆಯೊಳಗೆ, ಬಯಲಿನಲ್ಲಿ, ನಿಲ್ಲಿಸಿದ ವಾಹನಗಳ ಸುತ್ತ ಹೀಗೆ ಬೇರೆ ಬೇರೆ ಕಡೆ ಹುಡುಕಾಟ ಇರುತ್ತದೆ. ನಾಯಿ ವಾಸನೆಯ ಮೂಲವನ್ನು ಹಿಡಿದಾಗ ಕರೆತಂದವರು 'ಅಲರ್ಟ್' ಎಂದು ಕೂಗಬೇಕು. ಕೂಗಿದ ಜಾಗ ತಪ್ಪಿದ್ದರೆ ತಪ್ಪೇ.

ನನಗೆ ಬಹಳ ಹಿಡಿಸಿದ ನಿಯಮ ಬೇರೆ. ಕಣದಲ್ಲಿ ಒಂದು ಸಲಕ್ಕೆ ಒಂದೇ ನಾಯಿ. ಬೇರೆ ನಾಯಿಯನ್ನು ಕಂಡರೆ ಎಗರುವಂಥದು, ಜನರಿಗೆ ಹೆದರುವಂಥದು, ಮುದಿ ನಾಯಿ, ಕಿವಿ ಕೇಳದ್ದು, ಕಣ್ಣು ಕಾಣದ್ದು, ಮೂರೇ ಕಾಲಿನದು ಎಲ್ಲವೂ ಭಾಗವಹಿಸಬಹುದು. ಸೊಟ್ಟ ಕಾಲಿನ ಚಿಗರಿಗೆ ಪ್ರವೇಶವಿರುವ ಇನ್ನೊಂದು ಕ್ರೀಡೆಯನ್ನು ಯಾರಾದರೂ ನನಗೆ ತೋರಿಸಲಿ.

ವಾಸನೆ ಹೇಗೆ ನಡೆಯುತ್ತದೆ ಎಂದು ನನಗೆ ಕಲಿಸಿದವಳು ಚಿಗರಿಯೇ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಕೂಲರ್ ಹಾಕಿದ ಪಡಸಾಲೆಯಲ್ಲಿ, ವಾಸನೆಯ ವಸ್ತು ಇಟ್ಟ ಬಟ್ಟೆಯ ಗಂಟನ್ನು ಅತ್ತೆಯವರ ಮಂಚದ ಕಾಲಿಗೆ ಕಟ್ಟಿದ್ದೆವು. ಅವಳು ಒಳಗೆ ಬಂದವಳೇ ಎದುರು ಗೋಡೆಯ ಜೋಳದ ಡ್ರಮ್ಮಿನ ಮೂಲೆಗೆ ಹೋದಳು. ಅಲ್ಲೇ ಮೇಲೆ ಕೆಳಗೆ ಮೂಸಿದಳು. 'ತಪ್ಪಿತು' ಎಂದರು ನಮ್ಮ ಮನೆಯವರು. ಅವಳು ಅವರ ಮಾತಿಗೆ ಕಿವಿಗೊಡಲಿಲ್ಲ. ತಿರುಗಿ ನಿಂತು, ಗಾಳಿಗೆ ಅಡ್ಡಲಾಗಿ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ, ಆಮೇಲೆ ಮೂರು, ಆಮೇಲೆ ಎರಡು, ಹೀಗೆ ಕಿರಿದು ಮಾಡುತ್ತ ಮಂಚದ ಕಾಲಿಗೇ ಬಂದು ಮೂಗು ಇಟ್ಟಳು. ಮರುದಿನ ಅವಳನ್ನು ಹಿತ್ತಿಲಲ್ಲಿ ಬಿಟ್ಟು, ಅದೇ ಮಂಚದ ಕಾಲಿನ ಬಳಿ ಒಂದು ಊದಿನಕಡ್ಡಿ ಹಚ್ಚಿ, ಕೂಲರ್ ಹಾಕಿ ನೋಡಿದೆ. ಹೊಗೆ ನೆಲದ ಗುಂಟ ಹರಿದು ಹೋಗಿ ಜೋಳದ ಡ್ರಮ್ಮಿನ ಮೂಲೆಯಲ್ಲಿ ಕೂಡಿ ಮೇಲೇರಿತು. ನಮಗೆ ಹೊಗೆ ಹಚ್ಚಿದರೆ ಮಾತ್ರ ಕಾಣುವ ದಾರಿ ಅವಳಿಗೆ ಹಿಂದಿನ ದಿನವೇ ಗೊತ್ತಿತ್ತು. ಅವಳು ತಪ್ಪಿರಲಿಲ್ಲ, ವಾಸನೆ ಎಲ್ಲಿ ಕೂಡಿದೆ ಎಂಬುದನ್ನು ಮೊದಲು ನೋಡಿ, ಎಲ್ಲಿಂದ ಹೊರಟಿದೆ ಎಂಬುದನ್ನು ಆಮೇಲೆ ಹುಡುಕಿದ್ದಳು.

ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷದಷ್ಟಿದ್ದರೆ ನಾಯಿಗೆ 10 ಕೋಟಿಗೂ ಹೆಚ್ಚು ಎನ್ನುತ್ತಾರೆ. ಲೆಕ್ಕಕ್ಕಿಂತ ಅದರ ಮೂಗಿನ ರಚನೆ ನನಗೆ ಹೆಚ್ಚು ಅಚ್ಚರಿ ತಂದಿತು. ಒಳಗೆ ಹೋದ ಗಾಳಿ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಉಸಿರಿಗೆ, ಒಂದು ಪಾಲು ವಾಸನೆ ತಿಳಿಯುವುದಕ್ಕೇ ಮೀಸಲು. ಬಿಡುವ ಉಸಿರು ಮೂಗಿನ ಹೊಳ್ಳೆಗಳ ಪಕ್ಕದ ಸೀಳಿನಿಂದ ಹೊರಗೆ ಹೋಗುವುದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ಮೂಸುವಾಗ ಸೆಕೆಂಡಿಗೆ ಐದು ಸಲದಷ್ಟು ಉಸಿರಾಡುತ್ತದೆ. ಏದುಸಿರು ಬಿಡುವ ನಾಯಿಗೆ ಇದು ಸಾಧ್ಯವಿಲ್ಲ, ಬಾಯಿ ತೆರೆದು ತೇಕುವಾಗ ಮೂಗಿನ ಕೆಲಸ ನಿಂತುಬಿಡುತ್ತದೆ. ಆದ್ದರಿಂದ ನಮ್ಮ ಭಾಗದ ಬಿಸಿಲಿನಲ್ಲಿ ಈ ಆಟಕ್ಕೆ ನಸುಕು ಒಳ್ಳೆಯದು, ಇಲ್ಲವಾದರೆ ತಂಪಾದ ಕೋಣೆ.

ನಾವು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಎರಡನೆಯ ತಿಂಗಳಿಗೆ ಚಿಗರಿ ಹತ್ತು ಸೆಕೆಂಡಿನಲ್ಲಿ ಹುಡುಕುತ್ತಿದ್ದಳು. ಎಲ್ಲರಿಗೂ ಹೇಳಿಕೊಂಡು ಬಂದೆ. ಒಂದು ದಿನ ನಾನು ಹಿಟ್ಟಿನ ಗಿರಣಿಗೆ ಹೋದಾಗ ನಮ್ಮ ಮನೆಯವರು ಗಂಟನ್ನು ಅಡಗಿಸಿಟ್ಟು, ನನಗೂ ಹೇಳದೆ, ಈಗ ಹುಡುಕಿಸು ಎಂದರು. ಅವಳು ಬಂದು ನನ್ನ ಮುಖ ನೋಡುತ್ತ ಕುಳಿತಳು. ಎರಡು ಹೆಜ್ಜೆ ಹೋಗುವುದು, ತಿರುಗಿ ನೋಡುವುದು. ಅಷ್ಟು ದಿನ ಅವಳು ಮೂಸಿದ್ದು ಸ್ವಲ್ಪ, ನನ್ನ ಕಣ್ಣು ಯಾವ ಕಡೆ ಹೋಗುತ್ತದೆ, ನನ್ನ ಪಾದ ಎತ್ತ ತಿರುಗಿದೆ ಎಂದು ಓದಿದ್ದೇ ಹೆಚ್ಚು. ಅಂದಿನಿಂದ ಅಡಗಿಸುವವರು ಒಬ್ಬರು, ಆಡಿಸುವವರು ಇನ್ನೊಬ್ಬರು. ಸ್ಪರ್ಧೆಗಳಲ್ಲಿಯೂ ವಸ್ತು ಎಲ್ಲಿದೆ ಎಂಬುದು ನಾಯಿಯನ್ನು ಕರೆತಂದವರಿಗೆ ಗೊತ್ತಿರುವುದಿಲ್ಲ. ಹಾಗಿದ್ದಾಗ ಮಾತ್ರ ನಾವು ನಮ್ಮ ನಾಯಿಯನ್ನು ನಿಜವಾಗಿ ನೋಡಲು ಕಲಿಯುತ್ತೇವೆ: ಬಾಲದ ಬೀಸು ಯಾವಾಗ ಬದಲಾಯಿತು, ಉಸಿರು ಯಾವಾಗ ಗಡಸಾಯಿತು, ತಲೆ ಎಲ್ಲಿ ಥಟ್ಟನೆ ತಿರುಗಿತು ಎಂದು. ಚಿಗರಿಗೆ ವಾಸನೆ ಸಿಕ್ಕಾಗ ಎಡ ಕಿವಿ ಮಾತ್ರ ಹಿಂದಕ್ಕೆ ಮಡಚುತ್ತದೆ. ಅದನ್ನು ಗುರುತಿಸಲು ನನಗೆ ಮೂರು ತಿಂಗಳು ಹಿಡಿಯಿತು.

ತಿನಿಸಿನಿಂದ ವಾಸನೆಗೆ ದಾಟುವಾಗ ನಮ್ಮ ಮನೆಯದೇ ಒಂದು ತೊಡಕು ಎದುರಾಯಿತು. ಲವಂಗದ ವಾಸನೆ ಕಲಿಸುವುದೆಂದು ತಂಗಿಯ ಮಗ ಹೇಳಿಹೋಗಿದ್ದ. ಆದರೆ ಮಸಾಲೆ ಕುಟ್ಟುವ ಮನೆಯಲ್ಲಿ ಲವಂಗ ಎಲ್ಲಿಲ್ಲ? ಗೋಡೆಯಲ್ಲಿ, ನನ್ನ ಸೆರಗಿನಲ್ಲಿ, ತಕ್ಕಡಿಯ ತಟ್ಟೆಯಲ್ಲಿ. ಅವಳು ಹುಡುಕಲು ಬಿಟ್ಟರೆ ಬಂದು ನನ್ನ ಕೈಯನ್ನೇ ಮೂಸಿ, ಇದೋ ಇಲ್ಲಿದೆ ಎಂಬಂತೆ ನಿಲ್ಲುತ್ತಿದ್ದಳು. ಅವಳ ಮಾತು ಸರಿಯೇ. ಕೊನೆಗೆ ಗ್ರಂಥಿಗೆ ಅಂಗಡಿಯಿಂದ ಲಾವಂಚದ ಬೇರು ತಂದು, ಬಟ್ಟೆಯಲ್ಲಿ ಕಟ್ಟಿ, ತೂತು ಮಾಡಿದ ತಗಡಿನ ಡಬ್ಬಿಯಲ್ಲಿ ಇಟ್ಟೆವು. ನಮ್ಮ ಕೂಲರಿನ ಪ್ಯಾಡು ಲಾವಂಚದ್ದಲ್ಲ, ಅದು ನಮ್ಮ ಪುಣ್ಯ. ಮೊದಲು ಡಬ್ಬಿಯ ಮೇಲೆ ಕೊಬ್ಬರಿ, ಒಂದೆರಡು ವಾರದ ನಂತರ ಬರೀ ಡಬ್ಬಿ, ಹುಡುಕಿದ ಮೇಲೆ ಕೊಬ್ಬರಿ. ಮೆಣಸಿನಕಾಯಿ ಕುಟ್ಟಿಸಿ ತಂದ ದಿನ ಆಟಕ್ಕೆ ರಜೆ. ಆ ಘಾಟಿನಲ್ಲಿ ಅವಳ ಮೂಗಿಗೆ ತೊಂದರೆ ಕೊಡುವುದು ಪಾಪ.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ತಂಗಿಯ ಮಗನೇ ನನಗೆ ಓದಿ ಹೇಳಿದ. ಷಾರ್ಲಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿಯರು 20 ಸಾಕುನಾಯಿಗಳನ್ನು ತೆಗೆದುಕೊಂಡು, ಕೆಲವಕ್ಕೆ ಎರಡು ವಾರ ಮೂಸಿ ಹುಡುಕುವ ಅಭ್ಯಾಸ, ಉಳಿದವಕ್ಕೆ ಯಜಮಾನರ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ ಕೊಡಿಸಿದರು. ಒಂದು ಬದಿಗಿಟ್ಟ ಬಟ್ಟಲಲ್ಲಿ ತಿನಿಸು ಇರುತ್ತದೆ, ಇನ್ನೊಂದು ಬದಿಯದು ಬರಿದು ಎಂದು ನಾಯಿಗಳಿಗೆ ಮೊದಲೇ ಗೊತ್ತು ಮಾಡಿಸಿದ್ದರು. ನಡುವೆ ಒಂದು ಬಟ್ಟಲು ಇಟ್ಟರೆ? ಎರಡು ವಾರಗಳ ನಂತರ, ಮೂಸಿ ಹುಡುಕಿದ ನಾಯಿಗಳು ಆ ನಡುವಿನ ಬಟ್ಟಲಿನ ಕಡೆಗೆ ಮೊದಲಿಗಿಂತ ಬೇಗ ಹೋದವು. ಇರಬಹುದು ಎಂಬ ಭರವಸೆ ಅವುಗಳಲ್ಲಿ ಹೆಚ್ಚಾಗಿತ್ತು. ಪಕ್ಕದಲ್ಲಿ ನಡೆದ ನಾಯಿಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ಇದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು. ಕೈ ಎತ್ತಿದರೆ ಉಚ್ಚೆ ಹೊಯ್ದುಕೊಳ್ಳುತ್ತಿದ್ದ ಚಿಗರಿ, ಈಗ ಮನೆಗೆ ಹೊಸ ಪೆಟ್ಟಿಗೆ ಬಂದರೆ ತಾನೇ ಮೊದಲು ಹೋಗಿ ಮೂತಿ ಹಾಕುತ್ತಾಳೆ.

ಮುಧೋಳ ನಾಯಿ ಕಣ್ಣಿನ ನಾಯಿ, ಮೂಗಿನದಲ್ಲ ಎಂದು ನನಗೆ ಹೇಳಿದವರು ಕಡಿಮೆಯಿಲ್ಲ. ದೂರದ ಚಲನೆಯನ್ನು ಕಣ್ಣಿನಿಂದ ಹಿಡಿದು ಬೆನ್ನಟ್ಟುವ ತಳಿ ಎಂಬುದು ನಿಜ. ಘೋರ್ಪಡೆ ಅರಸರು ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, 2016ರಲ್ಲಿ ಸೇನೆಯವರು ತರಬೇತಿಗೆಂದು ಮೀರತ್‌ಗೆ ಒಯ್ದ ಈ ತಳಿಯ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೆಮ್ಮೆ ಇರುವುದೂ ಸಹಜ. ಲ್ಯಾಬ್ರಡಾರಿನಷ್ಟು ಮೂಗಿನ ಹುಚ್ಚು ಇದಕ್ಕೆ ಇರಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಕಣ್ಣು ಚುರುಕಾಗಿದೆ ಎಂದ ಮಾತ್ರಕ್ಕೆ ಮೂಗು ಸತ್ತಿರುವುದಿಲ್ಲ. ನಮ್ಮ ಓಣಿಯ ಬೀದಿನಾಯಿಯೊಂದು ಚಿಗರಿಗಿಂತ ಬೇಗ ಈ ಆಟ ಕಲಿತಿತು. ತಳಿಯ ಪ್ರಶ್ನೆಯೇ ಇಲ್ಲಿಲ್ಲ.

ಇನ್ನೊಂದು ಮಾತು. ನಮ್ಮ ಅತ್ತೆಯವರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಹಳೆಯ ಬಾಗಲಕೋಟೆಯ ಓಣಿಯವರು. ಅಲ್ಲಿ ನಾಯಿಗೆ ಆಟ ಕಲಿಸಿದವರು ಯಾರೂ ಇರಲಿಲ್ಲ ಎನ್ನುತ್ತಾರೆ. ಮನೆಯ ನಾಯಿ ಬೆಳಗಾದರೆ ಕಟ್ಟೆಯಿಂದ ಕಟ್ಟೆಗೆ ಮೂಸುತ್ತ ಊರೆಲ್ಲ ಸುತ್ತಿ ಬಂದು, ಮಧ್ಯಾಹ್ನ ಜಗಲಿಯ ನೆರಳಲ್ಲಿ ಸುಮ್ಮನೆ ಬೀಳುತ್ತಿತ್ತಂತೆ. ಸೆಕ್ಟರುಗಳ ಊರಾದ ಈ ನವನಗರಕ್ಕೆ ಬಂದ ಮೇಲೆ ನಮಗೆ ಕಾಂಪೌಂಡು ಬಂತು, ಕಬ್ಬಿಣದ ಗೇಟು ಬಂತು. ನಾಯಿಯನ್ನು ಬಿಡುವುದು ಈಗ ಸರಿಯಲ್ಲ, ವಾಹನಗಳಿವೆ, ಕಚ್ಚುವ ಭಯವಿದೆ, ಹುಚ್ಚುನಾಯಿ ರೋಗದ ಭಯವಿದೆ. ಬಿಡಬೇಡಿ, ವರ್ಷಕ್ಕೊಮ್ಮೆ ಲಸಿಕೆ ತಪ್ಪಿಸಬೇಡಿ. ಆದರೆ ಕಳೆದುಹೋದ ಆ ಸುತ್ತಾಟಕ್ಕೆ ಬದಲಾಗಿ ಅದಕ್ಕೆ ನಾವು ಏನು ಕೊಟ್ಟೆವು? ಒಂದು ಬಟ್ಟಲು ಅನ್ನ, ನಾಲ್ಕು ಅಡಿ ಸರಪಳಿ. ರಾತ್ರಿ ಕೇಳುವ ಬೊಗಳಿನಲ್ಲಿ ಬಹುಪಾಲು ಅದರದೇ ಫಲ ಎಂದು ನಾನು ನಂಬಿದ್ದೇನೆ.

ಬೇಟೆ ನಾಯಿಗಳ ಪಾಡು ಇನ್ನೂ ಬಿಗಿ. ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಆಗಬೇಕಾದದ್ದೇ. ಬೇಟೆ ನಿಂತಿತು, ಬೇಟೆಗೆಂದು ಹುಟ್ಟಿದ ನಾಯಿ ಮಾತ್ರ ನಿಲ್ಲಲಿಲ್ಲ, ಪ್ರತಿ ವರ್ಷ ಮರಿಗಳು ಮಾರಾಟವಾಗುತ್ತಲೇ ಇವೆ. ಎಷ್ಟೋ ಮರಿಗಳು ಹೊಲ ಕಾಣದೆ ಪಟ್ಟಣದ ಮಹಡಿ ಸೇರುತ್ತವೆ. ಹುಡುಕಬೇಕು, ಹಿಡಿಯಬೇಕು ಎಂಬ ಆ ಹಸಿವಿಗೆ ಪ್ರಾಣಹಾನಿ ಇಲ್ಲದ ಒಂದು ದಾರಿ ಮೂಸಾಟ.

ಆದ್ದರಿಂದ ನಮ್ಮ ಭಾಗದಲ್ಲಿ ಶ್ವಾನ ಪ್ರದರ್ಶನ ಏರ್ಪಡಿಸುವವರಲ್ಲಿ ನನ್ನ ಬೇಡಿಕೆ ಇದು. ನಿಲುವು, ಮೈಕಟ್ಟು, ಓಟ ನೋಡಿ ಬಹುಮಾನ ಕೊಡುತ್ತೀರಿ, ಕೊಡಿ. ಜೊತೆಗೆ ಮೂಸಿ ಹುಡುಕುವ ಒಂದು ಚಿಕ್ಕ ಸ್ಪರ್ಧೆಯನ್ನೂ ಇಡಿ. ಎರಡು ಶಾಲಾ ಕೋಣೆ, ಇಪ್ಪತ್ತು ರಟ್ಟಿನ ಪೆಟ್ಟಿಗೆ, ಮೊಬೈಲಿನ ಗಡಿಯಾರ, ಒಬ್ಬ ನಿಷ್ಪಕ್ಷಪಾತಿ ತೀರ್ಪುಗಾರ ಇಷ್ಟು ಸಾಕು. ಸರದಿ ಬರುವವರೆಗೆ ನಾಯಿಗಳನ್ನು ಒಂದಕ್ಕೊಂದು ಕಾಣದಂತೆ ನೆರಳಿನಲ್ಲಿ ಇರಿಸಬೇಕು, ನೀರು ಇರಬೇಕು. ಹೊಡೆಯುವವರನ್ನು, ಕತ್ತು ಹಿಂಡುವ ಸರಪಳಿ ಹಾಕಿ ತರುವವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಬೇಕು. ಈ ಒಂದು ಮಾತಿನಲ್ಲಿ ರಿಯಾಯಿತಿ ಬೇಡ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಮರಿ ಕೊಳ್ಳಲು ಬರುವವರಿಗೆ ಈ ಆಟವನ್ನು ಅರ್ಧ ಗಂಟೆ ತೋರಿಸಿ ಕಳಿಸಿದರೆ ಆ ಮರಿಯ ಮುಂದಿನ ಹನ್ನೆರಡು ವರ್ಷ ಬೇರೆಯಾಗುತ್ತದೆ.

ಮನೆಯಲ್ಲಿ ಶುರು ಮಾಡುವವರಿಗೆ ಎರಡು ಎಚ್ಚರಿಕೆ. ತಿನಿಸೆಂದು ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಉಳ್ಳಾಗಡ್ಡಿ ಹಾಕಿದ ಯಾವುದನ್ನೂ ಕೊಡಬೇಡಿ, ಅವು ನಾಯಿಗೆ ವಿಷ. ಸುಗಂಧ ತೈಲ ಬಳಸುವವರು ಒಂದೇ ಹನಿಯನ್ನು ಹತ್ತಿಗೆ ತಾಗಿಸಿ, ತೂತು ಮಾಡಿದ ಮುಚ್ಚಳದ ಡಬ್ಬಿಯಲ್ಲಿ ಇಡಿ, ನಾಯಿಯ ಮೂಗಿಗೆ, ನಾಲಿಗೆಗೆ ಅದು ತಾಗಕೂಡದು. ಮೊದಲ ಎರಡು ತಿಂಗಳು ತೈಲದ ಅಗತ್ಯವೇ ಇಲ್ಲ. ಖಡಕ್ ರೊಟ್ಟಿಯ ಚೂರು ಸಾಕು.

ದೂರು ಬರೆದ ಮಹನೀಯರಿಗೆ ಕೊನೆಯದಾಗಿ ಒಂದು ಕೋರಿಕೆ. ಚಿಗರಿಗೆ ಲವಂಗದ ವಾಸನೆ ಕಲಿಸಬೇಕೆಂಬ ಆಸೆ ನನಗೆ ಇನ್ನೂ ಉಳಿದಿದೆ. ನಮ್ಮ ಮನೆಯಲ್ಲಿ ಅದು ಆಗದ ಮಾತು. ಮಸಾಲೆಯ ಘಾಟು ಇಲ್ಲದ ಒಂದು ಕೋಣೆ ವಾರಕ್ಕೊಮ್ಮೆ, ಭಾನುವಾರ ನಸುಕಿನ ಅರ್ಧ ಗಂಟೆ ಬೇಕು. ನೀವು ಒಪ್ಪಿದರೆ ನಿಮ್ಮ ಮನೆಯ ಪಡಸಾಲೆಗೇ ಕರೆತರುತ್ತೇನೆ. ಪೆಟ್ಟಿಗೆಗಳನ್ನು ನಾನೇ ತರುತ್ತೇನೆ, ಆಟ ಮುಗಿದ ಮೇಲೆ ನೆಲ ಒರೆಸಿಯೂ ಹೋಗುತ್ತೇನೆ. ಡಬ್ಬಿಯನ್ನು ಅಡಗಿಸಿಡುವವರು ಮಾತ್ರ ನೀವೇ ಆಗಬೇಕು, ಎಲ್ಲಿಟ್ಟಿದ್ದೀರಿ ಎಂದು ನನಗೆ ಹೇಳಬಾರದು.

ಇಂತಿ,
ಮಸಾಲೆ ಖಾರ ಮಾಡುವ ಓದುಗರೊಬ್ಬರು,
ನವನಗರ, ಬಾಗಲಕೋಟೆ